ಗುಲಾಬಿ ಆರಿಸಿದ ತೋಟೆಗಳು

ಗುಲ್ವಾಡಿಯ ನಮ್ಮ ಮನೆಯಲ್ಲಿ ಮಾವನವರ ಕಾಲದಿಂದಲೂ ಒಂದು ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ಬಂದರೆ ಆಕಾಶಕ್ಕೆ ಒಂದು ಈಡು ಹೊಡೆಯುವುದು, ಹಂದಿ ಓಡುವುದು, ಕೋವಿ ಮತ್ತೆ ಅಟ್ಟ ಸೇರುವುದು. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ, ಹಂದಿಗೂ ಆಗಿರಲಿಲ್ಲ. ತೊಂದರೆ ಶುರುವಾದದ್ದು ನಮ್ಮವರು ಮುಂಬೈಯ ಹೋಟೆಲನ್ನು ತಮ್ಮನ ಕೈಗೆ ಕೊಟ್ಟು ಊರಿಗೆ ಬಂದು, ದೂರದ ಗುರಿಗೆ ಹೊಡೆಯುವ ರೈಫಲ್ ತೆಗೆದುಕೊಂಡ ಮೇಲೆ.

ನಮ್ಮವರೆಂದರೆ ಚಂದು ಶೆಟ್ಟರು. ನಾನು ಅವರ ಹೆಂಡತಿ ಪ್ರಭಾವತಿ. ನಾನು ಹೇಳಹೊರಟದ್ದು ನಮ್ಮಿಬ್ಬರ ಕತೆಯನ್ನಲ್ಲ, ಬೀಜಾಡಿಯ ಗುಲಾಬಿಯದ್ದನ್ನು. ಅವಳ ಕತೆಯನ್ನು ಅವಳೇ ಹೇಳಿದ್ದರೆ ಚೆನ್ನಾಗಿತ್ತು. ಅವಳು ಹೇಳುವವಳಲ್ಲ. ಅವಳು ಕೂತು ಕೆಲಸ ಮಾಡುತ್ತಿದ್ದ ಕೋಣೆಯ ಬೀಗದ ಕೈ ಹನ್ನೊಂದು ವರ್ಷ ನನ್ನ ಸೊಂಟದಲ್ಲಿತ್ತು, ಹಾಗಾಗಿ ನಾನು ಹೇಳಬೇಕಾಗಿದೆ.

ಮೊದಲು ನಮ್ಮವರ ವಿಷಯ ಹೇಳಿ ಮುಗಿಸುತ್ತೇನೆ. ಮುಂಬೈಯಲ್ಲಿ ಅವರಿಗೆ ಕುಡಿತ ಅಂಟಿತ್ತು. ಊರಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಒಮ್ಮೆ ಸ್ನೇಹಿತರೊಬ್ಬರು ಘಟ್ಟದ ಮೇಲಿನ ಒಂದು ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಅಲ್ಲಿ ಯಾರದೋ ರೈಫಲ್ ಹಿಡಿದು ಇವರು ಹೊಡೆದ ಮೊದಲ ಈಡೇ ಹೋಗಿ ಕಾಗದದ ಕಪ್ಪು ವೃತ್ತದೊಳಗೆ ಬಿತ್ತಂತೆ. ಕುರುಡು ಕೋಳಿಗೂ ಒಂದು ಕಾಳು ಸಿಗುತ್ತದೆ. ಆದರೆ ಅಲ್ಲಿದ್ದ ನಿವೃತ್ತ ಸೈನಿಕರೊಬ್ಬರು ಬೆನ್ನು ತಟ್ಟಿ, "ಕೈ ಒಳ್ಳೆಯದಿದೆ, ಕುಡಿದು ಹಾಳು ಮಾಡಬೇಡಿ" ಎಂದರಂತೆ. ಮನೆಗೆ ಬಂದವರು ಕಪಾಟಿನ ಬಾಟ್ಲಿಯನ್ನೆಲ್ಲ ತೆಂಗಿನ ಬುಡಕ್ಕೆ ಸುರಿದರು. ನಾನು ಹತ್ತು ವರ್ಷ ಅತ್ತು ಕರೆದು ಮಾಡಲಾಗದ್ದನ್ನು ಒಂದು ಈಡು ಮಾಡಿತು. ಆ ದಿನದಿಂದ ನಾನು ರೈಫಲಿನ ವಿರುದ್ಧ ಒಂದು ಮಾತೂ ಆಡಲಿಲ್ಲ. ಈ ಕತೆಯಲ್ಲಿ ನನ್ನ ತಪ್ಪು ಶುರುವಾಗುವುದು ಅಲ್ಲಿಂದಲೇ.

ಲೈಸೆನ್ಸ್ ಸಿಕ್ಕಿತು, ರೈಫಲ್ ಬಂತು. ನಮ್ಮ ಗುಡ್ಡೆಯ ಬುಡದಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ದೊಡ್ಡ ಕೋರೆ ಇದೆ. ಮೂರು ಕಡೆ ಆಳೆತ್ತರದ ಮೂರು ಪಟ್ಟು ಗೋಡೆ. ಅಲ್ಲಿ ಗುಂಡು ಹೊಡೆದರೆ ಕಲ್ಲಿಗೆ ಮಾತ್ರ ನೋವು. ಒಂದು ತುದಿಗೆ ಚೌಕಟ್ಟು ನಿಲ್ಲಿಸಿ, ಅದಕ್ಕೆ ಕಾಗದ ಅಂಟಿಸಿ, ಈ ಕಡೆಯ ಗದ್ದೆಯ ಕಂಟದಿಂದ, ಎಂದರೆ ಬದುವಿನಿಂದ, ಮುನ್ನೂರು ಮೀಟರ್ ಅಳೆದು, ನಮ್ಮವರು ಹೊಟ್ಟೆಯ ಮೇಲೆ ಮಲಗಿ ಹೊಡೆಯಲು ಶುರುಮಾಡಿದರು. ಹತ್ತರಲ್ಲಿ ಐದು ಕಪ್ಪಿಗೆ ಬಿದ್ದರೆ ಆ ದಿನ ಊಟ ಚೆನ್ನಾಗಿ ಸೇರುತ್ತಿತ್ತು. ಮೂರು ಬಿದ್ದರೆ ಸಾರಿಗೆ ಉಪ್ಪು ಹೆಚ್ಚಾಗಿರುತ್ತಿತ್ತು.

ಮೂರು ಬಿದ್ದ ದಿನಗಳಲ್ಲಿ ಅವರು ಬೈಯುತ್ತಿದ್ದದ್ದು ತೋಟೆಯನ್ನು. ತೋಟೆ ಎಂದರೆ ಹಿತ್ತಾಳೆಯ ಕೊಳವೆ. ಒಳಗೆ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಬಾಯಲ್ಲಿ ಗುಂಡು. ಒಂದರಲ್ಲಿ ಮದ್ದು ಚೂರು ಹೆಚ್ಚಿದ್ದರೆ ಗುಂಡು ಮೇಲೆ ಹೋಗುತ್ತದೆ, ಕಡಿಮೆ ಇದ್ದರೆ ಕೆಳಗೆ. ಗುಂಡು ಕೊಳವೆಯ ಬಾಯಲ್ಲಿ ನೆಟ್ಟಗೆ ಕೂತಿರದಿದ್ದರೆ ಎಡವೋ ಬಲವೋ. ಹತ್ತು ಮಾರಿಗೆ ಇದೇನೂ ತಿಳಿಯುವುದಿಲ್ಲ, ಮುನ್ನೂರು ಮೀಟರಿಗೆ ಒಂದು ಗೇಣು ಆಚೀಚೆ ಆಗುತ್ತದೆ. ಇದೆಲ್ಲ ನಿಜವೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆಯೂ ನಿಜವೇ.

ಇನ್ನು ಗುಲಾಬಿ. ಕೋಟೇಶ್ವರದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಮ್ಮವರಿಗೆ ಪಾಲಿತ್ತು. ಅಲ್ಲಿ ಬೀಜ ವಿಂಗಡಿಸುವ ಮೇಜಿನಲ್ಲಿ ಅವಳು ಕೆಲಸಕ್ಕಿದ್ದಳು. ತಾಯಿ ಬಾಗಿ ಬೀಜಾಡಿಯಿಂದ ಬುಟ್ಟಿ ಹೊತ್ತು ಮೀನು ಮಾರುವವಳು, ಅಣ್ಣ ರತನ್ ಮುಂಬೈಯಲ್ಲಿ ನಮ್ಮ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದವನು. ಗುಲಾಬಿಗೆ ಆಗ ಇಪ್ಪತ್ನಾಲ್ಕು. ಕಪ್ಪು, ತೆಳ್ಳಗೆ, ಮಾತು ಕಡಿಮೆ, ಸೊಕ್ಕು ಹೆಚ್ಚು. ಸೊಕ್ಕಿಗೆ ಕಾರಣವೂ ಇತ್ತು. ಗೇರುಬೀಜದಲ್ಲಿ ಒಂದು ರಾತ್ಲಿಗೆ, ಎಂದರೆ ಒಂದು ಪೌಂಡಿಗೆ, ನೂರಾ ಎಂಬತ್ತು ತೂಗುವ ದೊಡ್ಡ ಬೀಜ ಎಲ್ಲಕ್ಕಿಂತ ಮೇಲಿನ ದರ್ಜೆ. ಆಮೇಲೆ ಇನ್ನೂರ ಹತ್ತು, ಇನ್ನೂರ ನಲವತ್ತು, ಮುನ್ನೂರ ಇಪ್ಪತ್ತು. ಉಳಿದವರು ಬೀಜ ನೋಡಿ ವಿಂಗಡಿಸಿದರೆ ಗುಲಾಬಿ ಪಕ್ಕದವಳ ಮಾತು ಕೇಳುತ್ತ, ಕೈಯಲ್ಲಿ ಮುಟ್ಟಿಯೇ ಬೇರೆ ಮಾಡುತ್ತಿದ್ದಳಂತೆ. ಅವಳ ರಾಶಿಯನ್ನು ಮರುಪರೀಕ್ಷೆ ಮಾಡುವುದನ್ನೇ ಮೇಲ್ವಿಚಾರಕರು ಬಿಟ್ಟಿದ್ದರು.

೧೯೯೭ರ ಬೇಸಗೆ. ಹೊಸದಾಗಿ ತಂದ ತೋಟೆಯ ಪೆಟ್ಟಿಗೆಯನ್ನು ನಮ್ಮವರು ಪಾಲುದಾರರಿಗೆ ತೋರಿಸಲೆಂದು ಕಾರ್ಖಾನೆಗೆ ಒಯ್ದಿದ್ದರು. ತೋರಿಸಿ ಮರ್ಯಾದೆ ಗಳಿಸುವ ಸಾಮಾನೇ ಅದು? ಪೆಟ್ಟಿಗೆ ಕೈ ಜಾರಿ ವಿಂಗಡಿಸುವ ಮೇಜಿನ ಮೇಲೆ ಚೆಲ್ಲಿತು. ಎಲ್ಲ ಹೆಂಗಸರು ಹೆದರಿ ಎದ್ದರು. ಗುಲಾಬಿ ಕೂತಲ್ಲೇ ಕೂತು, ಚೆಲ್ಲಿದ್ದನ್ನು ಒಟ್ಟು ಮಾಡಿದಳು. ಒಟ್ಟು ಮಾಡಿದ್ದು ಒಂದು ರಾಶಿಯಲ್ಲ, ಮೂರು.

"ಇದೆಂತಕ್ಕೆ ಬೇರೆ ಬೇರೆ ಇಟ್ಟದ್ದ್, ಹೆಣೆ?" ಎಂದು ನಮ್ಮವರು ಕೇಳಿದರು.

"ಎಲ್ಲ ಒಂದೇ ನಮೂನಿ ಇಲ್ಲೆ ಶೆಟ್ರೆ," ಎಂದಳು. "ಇದ್ ಹಗುರ. ಇದ್ರ್ ಮೂತಿ ಸೊಟ್ಟ. ಇದಿಷ್ಟ್ ಒಳ್ಳೇದ್."

ನಮ್ಮವರು ಮೂರೂ ರಾಶಿಯನ್ನು ಕುಂದಾಪುರದ ಚಿನ್ನದಂಗಡಿಗೆ ಒಯ್ದು ತೂಗಿಸಿದರು. ಹಗುರವೆಂದದ್ದೆಲ್ಲ ಹಗುರವೇ ಇತ್ತು. ಮನೆಗೆ ಬಂದು ಕೂತಲ್ಲಿ ನಿಂತಲ್ಲಿ ಅದೇ ಮಾತು. ಮರುವಾರದಿಂದ ಗುಲಾಬಿ ಆದಿತ್ಯವಾರ, ಬುಧವಾರ ಬೆಳಿಗ್ಗೆ ಬಸ್ಸು ಹಿಡಿದು ನಮ್ಮ ಮನೆಗೆ ಬರತೊಡಗಿದಳು.

ಅವಳು ಮಾಡುತ್ತಿದ್ದದ್ದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಮೊದಲು ತೋಟೆಯ ಬುಡಕ್ಕೆ ಹೆಬ್ಬೆರಳು ಒತ್ತುವಳು. ಕೇಪು ಉಬ್ಬಿದೆಯೋ ತಗ್ಗಿದೆಯೋ ಅಲ್ಲಿ ತಿಳಿಯಬೇಕು. ಆಮೇಲೆ ಕೊರಳಿನ ಸುತ್ತ ಉಗುರು ಓಡಿಸುವಳು. ನಂತರ ಕನ್ನಡಿಯ ಮೇಲೆ ಅಡ್ಡ ಮಲಗಿಸಿ ಮೆಲ್ಲಗೆ ಉರುಳಿಸುವಳು. ಗುಂಡು ನೆಟ್ಟಗಿದ್ದರೆ ಮೂತಿ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ, ಸೊಟ್ಟಗಿದ್ದರೆ ಕುಣಿಯುತ್ತದೆ. ನನ್ನ ಕಣ್ಣಿಗೆ ಎಲ್ಲವೂ ನಿಂತ ಹಾಗೆಯೇ ಕಾಣುತ್ತಿತ್ತು. ಕೊನೆಗೆ ಎರಡು ಅಂಗೈಯಲ್ಲಿ ಎರಡನ್ನಿಟ್ಟು ತೂಗುವಳು. ಅತ್ಯುತ್ತಮವಾದದ್ದಕ್ಕೆ ಅವಳು ಇಟ್ಟ ಹೆಸರು ನೂರಾಎಂಬತ್ತು. ಐವತ್ತು ತೋಟೆಯಲ್ಲಿ ನೂರಾಎಂಬತ್ತು ಹತ್ತೋ ಹನ್ನೆರಡೋ ಸಿಗುತ್ತಿತ್ತು. ಕ್ಲಬ್ಬಿನವರು ಎರಡು ತೂಕದ ಗುಂಡಿನ ತೋಟೆ ಕೊಟ್ಟಾಗ, ಕಡಲ ಗಾಳಿ ಇರುವ ದಿನಕ್ಕೆ ಭಾರದ ಉದ್ದ ಗುಂಡು, ಗಾಳಿ ಇಲ್ಲದ ಬೆಳಿಗ್ಗೆಗೆ ಹಗುರದ್ದು ಎಂದು ನಮ್ಮವರು ಪುಸ್ತಕ ನೋಡಿ ಹೇಳಿಕೊಟ್ಟರು. ಅವಳು ಒಂದೇ ಸಲಕ್ಕೆ ಕಲಿತಳು.

ತಪ್ಪು ನಡೆದದ್ದು ಮರುವರ್ಷ, ೧೯೯೮ರಲ್ಲಿ. ನಮ್ಮ ಮನೆಯ ಹಿಂದೆ ಹಾಯ್ಗುಳಿ ದೈವದ ಗುಡಿ ಇದೆ. ವರ್ಷದ ಪೂಜೆಗೆ ಕುಟುಂಬದವರೆಲ್ಲ ಸೇರುತ್ತಾರೆ. ಬ್ರಹ್ಮಾವರದಿಂದ ಬಂದ ನಮ್ಮವರ ದೊಡ್ಡಪ್ಪನ ಮಗ ಎಲೆಯಡಿಕೆ ಅಗಿಯುತ್ತ ಎಲ್ಲರೆದುರು ಹೇಳಿದ:

"ಚಂದು ತೋಟೆ ಆರ್ಸುಕೆ ಆಳ್ ಇಟ್ಕಂಡಿದ್ನಂಬ್ರ್. ಹೊಡುಕೂ ಒಂದ್ ಆಳ್ ಇಟ್ರೆ ಹತ್ರಾಗೆ ಮೂರಾರೂ ಬಿದ್ದೀತ್."

ಎಲ್ಲರೂ ನಕ್ಕರು. ನಮ್ಮವರ ಮುಖ ಕೆಂಪಾಯಿತು. ಉತ್ತರ ಕೊಟ್ಟದ್ದು ಗುಲಾಬಿ. ಪ್ರಸಾದಕ್ಕೆಂದು ಕೈಯಲ್ಲಿ ವೀಳ್ಯದೆಲೆ ಹಿಡಿದು ಅಂಗಳದ ಕೊನೆಯಲ್ಲಿ ನಿಂತಿದ್ದವಳು ನಾಲ್ಕು ಹೆಜ್ಜೆ ಮುಂದೆ ಬಂದು ಗುಡಿಗೆ ಮುಖ ಮಾಡಿ ನಿಂತಳು.

"ಹಾಯ್ಗುಳಿ ಕೇಂಡ್ಕಣ್ಲಿ. ಶೆಟ್ರ್ ಹತ್ತ್ ಈಡ್ ಹೊಡ್ದ್, ಹತ್ತೂ ಕಪ್ಪಿನೊಳ್ಗೆ ಬೀಳು ತನ್ಕ ನಾನ್ ಈ ಕೆಲ್ಸ ಬಿಡುದಿಲ್ಲೆ. ಈ ಊರೂ ಬಿಡುದಿಲ್ಲೆ."

ಎಲೆಯನ್ನು ಗುಡಿಯ ಮೆಟ್ಟಿಲ ಮೇಲಿಟ್ಟಳು. ನಗು ನಿಂತಿತು. ನಮ್ಮ ಕಡೆ ದೈವದೆದುರು ಎಲೆ ಇಟ್ಟು ಹೇಳಿದ ಮಾತು ಬಾಯಿಮಾತಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನೊಂದು ಶಿವರಾತ್ರಿಯೊಳಗೆ ಹತ್ತೂ ಬಿದ್ದು ಮುಗಿಯುತ್ತದೆ ಎಂದು ಅವಳು ಎಣಿಸಿದ್ದಳು. ಅದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಬೀಜ ಒಳ್ಳೆಯದಿದ್ದರೆ ಡಬ್ಬಿ ಒಳ್ಳೆಯದಾಗಲೇಬೇಕು, ತೋಟೆ ಒಳ್ಳೆಯದಿದ್ದರೆ ಗುಂಡು ಕಪ್ಪಿಗೆ ಬೀಳಲೇಬೇಕು. ತೋಟೆಗೂ ಗುರಿಗೂ ನಡುವೆ ಒಬ್ಬ ಮನುಷ್ಯ ಇದ್ದಾನೆ ಎನ್ನುವುದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ.

ಕೋಣೆಗೆ ಬೀಗ ಬಂದದ್ದು ಅದೇ ವರ್ಷ. ಲೈಸೆನ್ಸ್ ಇಲ್ಲದವರು ತೋಟೆ ಮುಟ್ಟುವ ಹಾಗಿಲ್ಲ, ಯಾರಾದರೂ ಕಂಡು ಠಾಣೆಗೆ ಹೇಳಿದರೆ ಕಷ್ಟ ಎಂದು ನಮ್ಮವರಿಗೆ ಯಾರೋ ಹೆದರಿಸಿದರು. ಮೊದಲು ಭತ್ತ ತುಂಬುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಮೇಜು, ಕನ್ನಡಿ, ದೀಪ ಇಟ್ಟರು. ಅವಳು ಒಳಗೆ ಹೋದ ಮೇಲೆ ಹೊರಗಿನಿಂದ ಬೀಗ. ಕಿಟಕಿ ಎಂದರೆ ಮೇಲೆ ಒಂದು ಗವಾಕ್ಷಿ. ನೀರಡಿಕೆಯೋ ಮತ್ತೊಂದೋ ಆದರೆ ಬಾಗಿಲು ತಟ್ಟಬೇಕು, ನಾನು ಕೈಕೆಲಸ ಬಿಟ್ಟು ಬಂದು ತೆಗೆಯಬೇಕು. ಒಮ್ಮೆ ನೆರೆಯ ಸಾವಿನ ಮನೆಯಿಂದ ಕರೆ ಬಂತೆಂದು ಅವಸರದಲ್ಲಿ ಹೋದೆ. ಬೀಗದ ಕೈ ಸೊಂಟದಲ್ಲೇ ಇತ್ತು. ನೆನಪಾಗಿ ಓಡಿ ಬರುವಾಗ ಸಂಜೆ ಐದು ದಾಟಿತ್ತು. ಬಾಗಿಲು ತೆಗೆದರೆ ಅವಳು ಗೋಡೆಗೆ ಒರಗಿ ಕೂತಿದ್ದಳು.

"ನೀರ್ ಕೊಡಿ ಅಮ್ಮ," ಎಂದಳು, ಅಷ್ಟೇ.

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ದಿನವೂ ನಾನು, ಇವಳನ್ನು ಇನ್ನು ಕೂಡಿ ಹಾಕಬೇಡಿ ಎಂದು ನಮ್ಮವರಿಗೆ ಹೇಳಲಿಲ್ಲ.

ಅವಳಿಗೆ ರಜೆ ಸಿಗುತ್ತಿದ್ದದ್ದು ಚುನಾವಣೆ ಬಂದಾಗ ಮಾತ್ರ. ಆಗ ಊರಿನ ಕೋವಿ, ತೋಟೆಯೆಲ್ಲ ಠಾಣೆಗೆ ಕೊಟ್ಟು ಚೀಟಿ ತರಬೇಕು. ಸರಕಾರ ಬಿದ್ದರೆ ಖುಷಿಪಡುತ್ತಿದ್ದವಳು ಬೀಜಾಡಿಯಲ್ಲಿ ಅವಳೊಬ್ಬಳೇ ಇರಬೇಕು. ಆದರೆ ಒಂದೂವರೆ ಎರಡು ತಿಂಗಳು ಕಳೆದರೆ ಅವಳ ಬೆರಳೇ ಚಡಪಡಿಸುತ್ತಿತ್ತಂತೆ. ತಾಯಿ ಬಾಗಿ ಹೇಳುತ್ತಿದ್ದಳು, ಮನೆಯಲ್ಲಿ ಹುಣಸೆಬೀಜವನ್ನೂ ಕೂತು ವಿಂಗಡಿಸುತ್ತಾಳೆ ಎಂದು.

೨೦೦೦ದ ಏಪ್ರಿಲ್ ತಿಂಗಳಲ್ಲಿ ಒಂದು ದಿನ ನಾನು ಕೋರೆಗೆ ಮಜ್ಜಿಗೆ ಒಯ್ದೆ. ಸಾಮಾನ್ಯವಾಗಿ ಹಿಂದೆ ಇಟ್ಟು ಬರುತ್ತಿದ್ದೆ. ಆ ದಿನ ಬಿಸಿಲಿಗೆ ಹೆದರಿ ಪಕ್ಕದ ಗೇರುಮರದ ನೆರಳಲ್ಲಿ ನಿಂತೆ. ಅಲ್ಲಿಂದ ನಮ್ಮವರ ಮುಖ ಕಾಣುತ್ತಿತ್ತು. ರೈಫಲಿನ ಕುದುರೆ ಎಳೆಯುವ ಮೊದಲು, ಈಡು ಕೇಳುವ ಮೊದಲು, ಅವರು ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿದರು, ಭುಜವನ್ನು ಮುಂದಕ್ಕೆ ನೂಕಿದರು. ಸೂಜಿಮದ್ದಿಗೆ ತೋಳು ಕೊಟ್ಟ ಮಗುವಿನ ಹಾಗೆ. ಶಬ್ದಕ್ಕೆ, ರೈಫಲಿನ ಒದೆತಕ್ಕೆ ಅವರಿಗೆ ಹೆದರಿಕೆ. ಹತ್ತೂ ಈಡಿಗೆ ಹತ್ತು ಸಲವೂ ಹಾಗೆಯೇ. ಶಬ್ದದಲ್ಲಿ ಒದೆತದಲ್ಲಿ ಅದು ಅವರಿಗೇ ತಿಳಿಯುತ್ತಿರಲಿಲ್ಲ. ಮುನ್ನೂರು ಮೀಟರಿಗೆ ಒಂದು ಗೇಣಲ್ಲ, ಒಂದು ಮಾರು ಆಚೀಚೆಯಾಗಲು ಅಷ್ಟು ಸಾಕು. ಗುಲಾಬಿ ಕನ್ನಡಿಯ ಮೇಲೆ ಉರುಳಿಸಿ ಉರುಳಿಸಿ ತೆಗೆದ ಕೂದಲೆಳೆಯಷ್ಟು ಸೊಟ್ಟವನ್ನು ಇವರು ಭುಜದಿಂದ ಮತ್ತೆ ಸೇರಿಸುತ್ತಿದ್ದರು.

ನಾನು ಹೇಳಲಿಲ್ಲ. ಇದು ನಿಮ್ಮಿಂದಾಗದ ಕೆಲಸ ಎಂದರೆ ಇವರು ರೈಫಲ್ ಬಿಡುತ್ತಾರೆ, ರೈಫಲ್ ಬಿಟ್ಟರೆ ಬಾಟ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆ ನನಗಿತ್ತು. ನನ್ನ ಮನೆ ಉಳಿಯುತ್ತದೆಂದು ಸುಮ್ಮನಿದ್ದೆ. ಸ್ವಾರ್ಥವನ್ನು ಸ್ವಾರ್ಥ ಎಂದೇ ಹೇಳಬೇಕು.

ಮರುವರ್ಷ ಗುಲಾಬಿಗೆ ಸಂಬಂಧ ಬಂತು. ಬೈಂದೂರಿನ ಹತ್ತಿರ ಉಪ್ಪುಂದದ ಹುಡುಗ, ಹೆಸರು ಕುಷ್ಟ, ದೋಣಿಯ ಇಂಜಿನು ರಿಪೇರಿಯಲ್ಲಿ ಪಳಗಿದವನು. ಗೋವಾದ ಬಂದರಿನಲ್ಲಿ ಕೆಲಸ, ಮದುವೆಯಾದರೆ ಅವಳೂ ಗೋವಾಕ್ಕೆ ಹೋಗಬೇಕು. ಒಂದು ಬುಧವಾರ ಅವನು ಅವಳನ್ನು ಕಾಣಲು ನಮ್ಮ ಅಂಗಳದವರೆಗೂ ಬಂದಿದ್ದ. ನಾನು ಬೀಗ ತೆಗೆದು ಅವಳನ್ನು ಹೊರಗೆ ಕರೆದೆ. ಇಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತು ಕಾಲು ಗಂಟೆ ಮಾತಾಡಿದರು. ಗುಲಾಬಿ ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.

ಆಮೇಲೆ ಬಾಗಿ ಬಂದು ನನ್ನ ಎದುರು ಜಗಲಿಯಲ್ಲಿ ಕೂತಳು.

"ಅಮ್ಮ, ಗಂಡ್ ಒಳ್ಳೆಯವ. ಮೀನ್ ಮಾರು ಹೆಂಗ್ಸಿನ್ ಮಗ್ಳಿಗೆ ಇದ್ಕಿಂತ ಒಳ್ಳೆ ಸಂಬಂಧ ಬತ್ತಿಲ್ಲೆ. ಶೆಟ್ರಿಗೆ ಒಂದ್ ಮಾತ್ ಹೇಳಿ."

ಹೇಳಿದೆ. ನಮ್ಮವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಅವ್ಳ್ ಮಾತ್ ಕೊಟ್ಟದ್ದ್ ನಂಗಲ್ಲ, ಹಾಯ್ಗುಳಿಗೆ. ಬಿಡ್ಸುಕೆ ನಾನ್ ಯಾರ್?" ಎಂದರು.

ದೈವವನ್ನೇ ಕೇಳುವ ಎಂದು ಪಾತ್ರಿ ಚಂದಯ್ಯನನ್ನು ಕರೆಸಿ ದರ್ಶನ ಮಾಡಿಸಿದೆವು. ಅವನ ಮೈಮೇಲೆ ಬಂದ ದೈವ ಹೇಳಿತು: "ಕಟ್ಟಿದ ಮಾತಿಗೆ ಎರಡು ತುದಿ. ಒಂದು ಹೆಣ್ಣಿನ ಕೈಯಲ್ಲಿದೆ, ಇನ್ನೊಂದು ಈ ಮನೆಯ ಯಜಮಾನನ ಕೈಯಲ್ಲಿದೆ. ನನ್ನಿಂದ ಹತ್ತು ಬೀಳುವುದಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಲಿ, ಆ ಕ್ಷಣ ಬಿಚ್ಚುತ್ತೇನೆ."

ಎಲ್ಲರೂ ನಮ್ಮವರ ಮುಖ ನೋಡಿದರು. ಗುಲಾಬಿಯೂ ನೋಡಿದಳು. ಒಂದು ವಾಕ್ಯ ಸಾಕಿತ್ತು. ನಮ್ಮವರು ಗಂಟಲು ಸರಿಮಾಡಿಕೊಂಡು, "ಬೀಳ್ತತ್ತ್. ಈ ವರ್ಷ ಬೀಳ್ತತ್ತ್" ಎಂದರು. ಗುಲಾಬಿ ಹೌದೆಂದು ತಲೆಯಾಡಿಸಿದಳು. ನನಗೆ ಸಿಟ್ಟು ಬಂದದ್ದು ಅವರ ಮೇಲೆ ಮಾತ್ರವಲ್ಲ, ಅವಳ ಮೇಲೂ. ಅವಳೂ ಅದನ್ನೇ ನಂಬಿದ್ದಳು.

ಕುಷ್ಟ ಕಾಯುತ್ತೇನೆ ಎಂದ. ಆ ವರ್ಷ ಕ್ಲಬ್ಬಿನ ಸ್ಪರ್ಧೆಯಲ್ಲಿ ನಮ್ಮವರಿಗೆ ಬಿದ್ದದ್ದು ಆರು. ಅವನು ಮತ್ತೆ ಕಾಯುತ್ತೇನೆ ಎಂದ. ೨೦೦೩ರ ಜನವರಿಯ ಸ್ಪರ್ಧೆಗೆ ಗುಲಾಬಿ ಎರಡು ತಿಂಗಳು ಕೂತು, ಮುನ್ನೂರು ತೋಟೆಯಿಂದ ಹದಿನೈದು ಆರಿಸಿದಳು. ಆರಿಸಿದ್ದನ್ನು ಮತ್ತೆ ಆರಿಸಿ ಹತ್ತು ಮಾಡಿದಳು. ಆ ದಿನ ನಮ್ಮವರಿಗೆ ಏನಾಯಿತೋ, ಮೊದಲ ಈಡು ಕಪ್ಪಿನೊಳಗೆ ಬಿತ್ತು, ಎರಡನೆಯದು ಬಿತ್ತು, ಹೀಗೆ ಒಂಬತ್ತು ಬಿತ್ತು. ಹತ್ತನೆಯದು ಕಪ್ಪಿನ ಅಂಚಿನಿಂದ ಒಂದು ಬೆರಳು ಹೊರಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮನೆಗೆ ಬಂದ ನಮ್ಮವರು ಚಪ್ಪಲಿ ಬಿಡುವ ಮೊದಲೇ, "ಹತ್ತನೇ ತೋಟೆ ಕೈ ಕೊಡ್ತ್" ಎಂದರು. ಕಾದು ನಿಂತಿದ್ದ ಗುಲಾಬಿ ಅದನ್ನು ಕೇಳಿದಳು. ಹತ್ತೂ ಖಾಲಿ ಕೊಳವೆಗಳನ್ನು ಕೇಳಿ ತೆಗೆದುಕೊಂಡು ಕೋಣೆಗೆ ಹೋದಳು. ಹತ್ತನೆಯದು ಯಾವುದು ಎಂದು ನಮ್ಮವರಿಗೇ ಗೊತ್ತಿರಲಿಲ್ಲ. ಅವಳು ಹತ್ತನ್ನೂ ಉರುಳಿಸಿದಳು, ಉಗುರಾಡಿಸಿದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ.

"ನಂಗೆ ಎಲ್ಲದೂ ಸಮ ಕಂಡಿತ್ತ್ ಅಮ್ಮ," ಎಂದಳು. "ಎಲ್ಲಿ ತಪ್ಪಿದ್ದ್ ಅಂದೇಳಿ ಗೊತ್ತಾತಿಲ್ಲೆ."

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ನಮ್ಮವರು ಕಪಾಟು ತೆಗೆದು ಮುಚ್ಚುವ ಸದ್ದಾಯಿತು. ಬಾಟ್ಲಿ ಇಡುತ್ತಿದ್ದ ಕಪಾಟು ಅದು. ಅನ್ನ ಬಡಿಸಿ ಇಟ್ಟಿದ್ದೇನೆ ಎಂದಷ್ಟೇ ಹೇಳಿ ಒಳಗೆ ಹೋದೆ. ಮೇ ತಿಂಗಳಲ್ಲಿ ಕುಷ್ಟನ ಮದುವೆ ಗಂಗೊಳ್ಳಿಯ ಹುಡುಗಿಯ ಜೊತೆ ಆಯಿತು. ಅವನದು ತಪ್ಪೆಂದು ಹೇಳಲಾರೆ, ಎರಡು ವರ್ಷ ಕಾದಿದ್ದ.

ಆಮೇಲಿನ ಆರು ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಆದಿತ್ಯವಾರ, ಬುಧವಾರ. ಬಸ್ಸು, ಬೀಗ, ಕನ್ನಡಿ. ಬೇರೆ ಸಂಬಂಧ ನೋಡುವುದು ಬೇಡವೆಂದು ಅವಳೇ ತಾಯಿಗೆ ಹೇಳಿದಳು. ಕಾರ್ಖಾನೆಯಲ್ಲಿ ಅವಳಿಗಿಂತ ಚಿಕ್ಕವರು ಮೇಲ್ವಿಚಾರಕಿಯರಾದರು. ವರ್ಷಕ್ಕೆ ಸಿಗುವ ತೋಟೆಯೇ ಅಷ್ಟು, ಹಾಗಾಗಿ ಆರಿಸಿದ್ದನ್ನೇ ಮತ್ತೆ ಆರಿಸುವುದು. ನಮ್ಮವರಿಗೆ ಐದು, ಆರು, ನಾಲ್ಕು. ವಯಸ್ಸು ಅರವತ್ತು ದಾಟಿತು, ಮೊಣಕಾಲು ಹಿಡಿಯಿತು. ಒಮ್ಮೆ ಕಾರ್ಖಾನೆಯಿಂದ ಅವಳ ಜೊತೆಗಾತಿ ಮುತ್ತು ಬಂದು, "ನೀ ಎಂತ ಶೆಟ್ರ ಮನಿ ಕೋಣಿಯಗೇ ಮುದ್ಕಿ ಆತ್ಯಾ?" ಎಂದು ಕೇಳಿದ್ದಳು. ಗುಲಾಬಿ ಕನ್ನಡಿಯಿಂದ ಕಣ್ಣು ತೆಗೆಯದೆ, "ಹತ್ತ್ ಬೀಳ್ಲಿ" ಎಂದಳು.

೨೦೦೯ರ ಡಿಸೆಂಬರ್. ಮೊಣಕಾಲಿನ ದೆಸೆಯಿಂದ ನಮ್ಮವರಿಗೆ ಮಲಗಿದಲ್ಲಿಂದ ತಿರುಗಿ ತೋಟೆ ತೆಗೆದುಕೊಳ್ಳುವುದು ಕಷ್ಟವಾಗಿತ್ತು. ಪಕ್ಕದಲ್ಲಿ ಕೂತು ಒಂದೊಂದೇ ಕೊಡಲಿಕ್ಕೆ ಗುಲಾಬಿ ಬರಲಿ ಎಂದರು. ನನಗೆ ಆಗ ಹೊಳೆಯಿತು: ಹನ್ನೆರಡು ವರ್ಷದಲ್ಲಿ ಅವಳು ಒಮ್ಮೆಯೂ ಈಡು ಹೊಡೆಯುವುದನ್ನು ಕಂಡಿರಲಿಲ್ಲ. ನಮ್ಮವರು ಕೋರೆಗೆ ಹೋಗುತ್ತಿದ್ದದ್ದು ಬೆಳಿಗ್ಗೆ ಬೇಗ, ಅವಳು ಬಂದು ಕೋಣೆ ಸೇರುತ್ತಿದ್ದದ್ದು ಆಮೇಲೆ. ಆ ದಿನ ನಾನೂ ಜೊತೆಗೆ ಹೋದೆ. ಕಾಗದ ಅಂಟಿಸುವ ಕರಿಯ, ನಮ್ಮವರಷ್ಟೇ ವಯಸ್ಸಿನವನು, ಕೆಲಸ ಮುಗಿಸಿ ಬಂದು ನಮ್ಮ ಹಿಂದೆ ಕುಕ್ಕರುಗಾಲಲ್ಲಿ ಕೂತ.

ಮೂರು ಈಡು ಹೋಯಿತು. ಶಬ್ದಕ್ಕೆ ಗುಲಾಬಿ ಪ್ರತಿ ಸಲವೂ ಬೆಚ್ಚಿ ಕಣ್ಣು ಮುಚ್ಚುತ್ತಿದ್ದಳು, ಹಾಗಾಗಿ ಏನೂ ಕಾಣಲಿಲ್ಲ. ನಾಲ್ಕನೆಯ ತೋಟೆ ಕೊಟ್ಟಳು. ನಮ್ಮವರು ತುಂಬಿ, ಗುರಿ ಹಿಡಿದು, ಕುದುರೆ ಎಳೆದರು.

ಟಕ್ ಎಂದಿತು. ಈಡು ಆಗಲಿಲ್ಲ. ತೋಟೆ ಸತ್ತಿತ್ತು.

ಈಡು ಆಗದಿದ್ದರೂ ನಮ್ಮವರ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಮುಂದಕ್ಕೆ ಹಾರಿತ್ತು, ರೈಫಲಿನ ಮೂತಿ ಒಂದು ಗೇಣು ಕೆಳಗೆ ಹೋಗಿ ನೆಲ ನೋಡುತ್ತಿತ್ತು. ಶಬ್ದವಿಲ್ಲ, ಹೊಗೆಯಿಲ್ಲ, ಒದೆತವಿಲ್ಲ. ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಸತ್ತ ತೋಟೆಯನ್ನು ತಕ್ಷಣ ತೆಗೆಯುವ ಹಾಗಿಲ್ಲ, ತಡವಾಗಿ ಸಿಡಿಯುವುದುಂಟು. ರೈಫಲನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕು. ನಮ್ಮವರು ಮೂತಿಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದು ಕಾದರು. ಆ ನಿಮಿಷದಲ್ಲಿ ಮಾತಾಡಿದವನು ಕರಿಯ. ಕೊಂಕಿಲ್ಲ, ಕಂಡದ್ದನ್ನು ಹೇಳಿದ.

"ಶೆಟ್ರೆ, ಪೆಟ್ಟ್ ಆಪು ಮೊದ್ಲೇ ನಿಮ್ ಹೆಗ್ಲ್ ಹಂದ್ತ್ ಕಾಣಿ."

ನಮ್ಮವರು ನಿಮಿಷ ಕಳೆದ ಮೇಲೆ ತೋಟೆ ಹೊರತೆಗೆದು ಪಕ್ಕಕ್ಕಿಟ್ಟರು. ಎದ್ದು ಕೂತರು. ಬೆವರು ಒರೆಸಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಸಣ್ಣದಾದ ಅವರ ಮುಖವನ್ನು ನಾನು ಕಂಡಿರಲಿಲ್ಲ. ಕುಡಿದು ಬಿದ್ದಾಗಲೂ ಇಲ್ಲ. ಆಮೇಲೆ ಹೇಳಿದರು:

"ಗುಲಾಬಿ, ಸಾಕ್. ನನ್ನಿಂದ ಹತ್ತ್ ಬೀಳ್ತಿಲ್ಲೆ. ಹಾಯ್ಗುಳಿ ಎದ್ರಿಗೂ ಹೇಳ್ತೆ. ನೀ ಹೋಯ್ಲಕ್ಕ್."

ಎಂಟು ವರ್ಷದ ಹಿಂದೆ ಹೇಳಬೇಕಿದ್ದ ಮಾತು. ನನಗೆ ಅಳು ಬಂತು. ಅವಳ ಕಡೆ ತಿರುಗಿದೆ.

ಅವಳು ನಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಸತ್ತ ತೋಟೆಯನ್ನು ಅಂಗೈಯಲ್ಲಿಟ್ಟುಕೊಂಡು ಅದರ ಬುಡವನ್ನು ನೋಡುತ್ತಿದ್ದಳು. ಕೇಪಿನ ಮೇಲೆ ರೈಫಲಿನ ಒಳಮುಳ್ಳು ಬಡಿದ ಗುರುತು ಸರಿಯಾಗಿಯೇ ಬಿದ್ದಿತ್ತು.

"ಇದ್ ನಾನ್ ಆರ್ಸಿದ್ದ್," ಎಂದಳು. "ನೂರಾಎಂಬತ್ತ್ ಅಂದೇಳಿ ಇಟ್ಟದ್ದ್. ಸತ್ತದ್ದನ್ನ್ ಒಳ್ಳೇದ್ ಅಂದ್ ಕೊಟ್ಟಿದೆ. ತಪ್ಪ್ ನಂದೇ ಶೆಟ್ರೆ. ಇನ್ನೊಂದ್ ಪೆಟ್ಗಿ ತರ್ಸಿ, ಸಮ ಕಂಡ್ ಕೊಡ್ತೆ. ನೀವ್ ಹೊಡೆದ್ ಕಾಣಿ."

ಒಳಗಿನ ಮದ್ದು ಸತ್ತದ್ದು ಯಾವ ಬೆರಳಿಗೆ ತಿಳಿಯುತ್ತದೆ? ಅವಳ ಕಣ್ಣೆದುರೇ ಆ ಭುಜ ಹಾರಿತ್ತು, ಅವಳ ಕಿವಿಗೇ ಕರಿಯನ ಮಾತು ಬಿದ್ದಿತ್ತು, ಯಜಮಾನನೇ ಬಿಟ್ಟೆ ಎಂದಿದ್ದ. ಆದರೂ ಅವಳು ಮುಷ್ಟಿ ಬಿಗಿದು ಆ ತೋಟೆಯನ್ನು ಹಿಡಿದು ನಿಂತಿದ್ದಳು. ಇವಳು ನಾಳೆಯೂ ಬರುತ್ತಾಳೆ, ಸಾಯುವವರೆಗೂ ಬರುತ್ತಾಳೆ ಎಂದು ನನಗೆ ತಿಳಿದುಹೋಯಿತು. ಆಗ ನನಗೆ ತಡೆಯಲಾಗಲಿಲ್ಲ.

"ತಪ್ಪ್ ನಿಂದಲ್ಲ ಗುಲಾಬಿ," ಎಂದೆ. "ಇವತ್ತಿಂದ್ ಒಂದ್ ಬಿಡ್. ಉಳ್ದ ಯಾವ ತೋಟೆಯಗೂ ತಪ್ಪ್ ಇರ್ಲಿಲ್ಲೆ. ಒಂದೊಂದ್ ಈಡಿಗೂ ಇವ್ರ್ ಹೀಂಗೇ ಕಣ್ ಮುಚ್ತ್ರ್. ನಾನ್ ಆ ಗೇರ್ ಮರದ್ ಬುಡ್ದಗೆ ನಿಂತ್ ಕಂಡಿದೆ. ಒಂಬತ್ ವರ್ಷದಿಂದ ನಂಗೆ ಗೊತ್ತಿತ್ತ್."

ನಮ್ಮವರು ನನ್ನನ್ನು ನೋಡಿದರು. ಗುಲಾಬಿಯೂ ನೋಡಿದಳು. ಅವಳ ತುಟಿ ಮೆಲ್ಲಗೆ ಆಡುತ್ತಿತ್ತು, ವರ್ಷ ಎಣಿಸುತ್ತಿದ್ದಳು. ತೋಟೆ ಹಿಡಿದ ಮುಷ್ಟಿ ಸಡಿಲವಾಯಿತು. ಅದು ಗದ್ದೆಯ ಕೂಳೆಯ ನಡುವೆ ಬಿತ್ತು, ಅವಳು ಬಗ್ಗಿ ಹೆಕ್ಕಲಿಲ್ಲ.

"ಹಾಂಗಾರೆ," ಎಂದಳು, "ಕುಷ್ಟ ನಿಮ್ ಅಂಗ್ಳಕ್ಕೆ ಬಪ್ಪೊತ್ತಿಗೇ ನಿಮ್ಗೆ ಗೊತ್ತಿತ್ತ್."

ಹೌದು ಎಂದೆ.

ಅವಳು ಸೆರಗು ಸುತ್ತಿಕೊಂಡು ಕಂಟದ ಮೇಲೆ ನಡೆದು ಹೋದಳು. ಹನ್ನೊಂದೂವರೆಯ ಬಸ್ಸಿನ ಹಾರ್ನ್ ಕೇಳಿಸಿತು. ಮುಂದಿನ ಬುಧವಾರ ಅವಳು ಬರಲಿಲ್ಲ.